ಆದಿವಾಸಿ, ಗಿರಿಜನ, ಬುಡಕಟ್ಟು: ಕೆಲವು ಶಬ್ದಗಳ ಅರ್ಥವಿಮರ್ಶೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹೆಗ್ಗಡದೇವನಕೋಟೆಯ ಜೇನುಕುರುಬರು, ಕೊಡಗಿನ ಯರವರು, ಘಟ್ಟದ ಮಲೆಕುಡಿಯರು, ಕರಾವಳಿಯ ಕೊರಗರು, ಇವರೆಲ್ಲರನ್ನೂ ಒಂದೇ ಮಾತಿನಲ್ಲಿ ಹೇಳಬೇಕಾದಾಗ ಇಂದಿನ ಕನ್ನಡ ಬರೆಹಗಾರನ ಲೇಖನಿಗೆ ಏಳೆಂಟು ಶಬ್ದಗಳು ಒಮ್ಮೆಗೇ ಬಂದು ನಿಲ್ಲುತ್ತವೆ. ಆದಿವಾಸಿ, ಮೂಲನಿವಾಸಿ, ಗಿರಿಜನ, ವನವಾಸಿ, ಬುಡಕಟ್ಟು, ಪರಿಶಿಷ್ಟ ಪಂಗಡ, ಪರಿಶಿಷ್ಟ ವರ್ಗ, ಅನುಸೂಚಿತ ಬುಡಕಟ್ಟು ಎಂಬಿವು ಪರ್ಯಾಯಪದಗಳೆಂಬಂತೆ ಒಂದರ ಸ್ಥಾನದಲ್ಲಿ ಮತ್ತೊಂದು ಪ್ರಯೋಗಿಸಲ್ಪಡುತ್ತಿವೆ. ಲೇಖನದ ತಲೆಬರೆಹದಲ್ಲಿ ಆದಿವಾಸಿಯಾಗಿದ್ದವನು ಎರಡನೆಯ ಕಂಡಿಕೆಯಲ್ಲಿ ಗಿರಿಜನನಾಗಿ, ಕೊನೆಯಲ್ಲಿ ಪರಿಶಿಷ್ಟ ಪಂಗಡದವನಾಗಿ ಮುಗಿಯುವುದುಂಟು. ಪುನರುಕ್ತಿದೋಷವನ್ನು ಪರಿಹರಿಸಬೇಕೆಂಬ ಅಲಂಕಾರಶಾಸ್ತ್ರದ ಆಸೆಯು ಇದಕ್ಕೆ ಕಾರಣವಾಗಿರಬಹುದು. ಆದರೆ ಕಾವ್ಯದಲ್ಲಿ ಚಂದ್ರನನ್ನು ಇಂದುವೆಂದೂ ಸೋಮನೆಂದೂ ಕರೆದರೆ ಚಂದ್ರನಿಗೆ ನಷ್ಟವಿಲ್ಲ. ಇಲ್ಲಿಯೋ ಎಂದರೆ, ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಒಬ್ಬ ಮನುಷ್ಯನ ಹೊಲ, ಅವನ ಮಗುವಿನ ಪಾಠಶಾಲೆ, ಅವನ ಉದ್ಯೋಗ ಇವು ನಿಂತಿರುತ್ತವೆ.

ಒಂದು ಶಬ್ದವು ಒಂದು ವಸ್ತುವಿನಲ್ಲಿ ಪ್ರಯೋಗವಾಗುವುದಕ್ಕೆ ಕಾರಣವಾದ ಧರ್ಮವನ್ನು ಶಾಸ್ತ್ರಕಾರರು ಪ್ರವೃತ್ತಿನಿಮಿತ್ತವೆಂದು ಕರೆಯುತ್ತಾರೆ. ಎರಡು ಶಬ್ದಗಳು ಒಂದೇ ವಸ್ತುವನ್ನು ತೋರಿಸಿದರೂ ಪ್ರವೃತ್ತಿನಿಮಿತ್ತವು ಬೇರೆಯಾದರೆ ಅವು ನಿಜವಾದ ಪರ್ಯಾಯಗಳಾಗಲಾರವು. ಮೇಲೆ ಹೇಳಿದ ಎಂಟು ಶಬ್ದಗಳಲ್ಲಿ ಎರಡು ಕಾಲವನ್ನೂ, ಒಂದು ಎತ್ತರವನ್ನೂ, ಒಂದು ಮರಗಳನ್ನೂ, ಒಂದು ಕುಲದ ಕಟ್ಟನ್ನೂ, ಉಳಿದವು ಸರ್ಕಾರದ ಒಂದು ಪಟ್ಟಿಯನ್ನೂ ನಿಮಿತ್ತವಾಗಿ ಹಿಡಿದಿವೆ. ಇವುಗಳ ಬಲಾಬಲವನ್ನು ವಿಚಾರಿಸುವುದಕ್ಕೆ ಮೊದಲು, ಇವು ಹುಟ್ಟುವುದಕ್ಕಿಂತ ಎರಡು ಸಾವಿರ ವರ್ಷಗಳ ಮುಂಚೆಯೇ ಇದೇ ಕಾರ್ಯವನ್ನು ಮಾಡುತ್ತಿದ್ದ ಸಂಸ್ಕೃತಶಬ್ದಗಳ ಕಡೆಗೆ ನೋಡುವುದು ಉಚಿತ.

ನಿಷಾದ, ಶಬರ, ಪುಳಿಂದ, ಕಿರಾತ ಎಂಬ ನಾಲ್ಕು ಹೆಸರುಗಳೂ ವೈದಿಕಕಾಲದಿಂದ ಬಂದವು. ಐತರೇಯಬ್ರಾಹ್ಮಣದ ಶುನಃಶೇಪಾಖ್ಯಾನದಲ್ಲಿ ವಿಶ್ವಾಮಿತ್ರನ ಮಾತನ್ನು ಮನ್ನಿಸದ ಐವತ್ತು ಮಂದಿ ಹಿರಿಯ ಮಕ್ಕಳ ಸಂತತಿಯು ಆಂಧ್ರ, ಪುಂಡ್ರ, ಶಬರ, ಪುಲಿಂದ, ಮೂತಿಬರಾಗಿ ಎಲ್ಲೆಯಾಚೆಗೆ ಹೋಯಿತೆಂದು ಹೇಳಿದೆ. ಶಾಪವನ್ನು ಬದಿಗಿಟ್ಟು ನೋಡಿದರೆ ಇಲ್ಲಿ ಶಬರರೂ ಋಷಿಯ ಮಕ್ಕಳೇ, ಆಂಧ್ರರೂ ಋಷಿಯ ಮಕ್ಕಳೇ. ಅಥರ್ವವೇದದಲ್ಲಿ ಬೆಟ್ಟದ ನೆತ್ತಿಯಲ್ಲಿ ಔಷಧಿಯನ್ನು ಅಗೆಯುವ ಕಿರಾತಕನ್ಯೆಯೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿ ಆಂಧ್ರರ ಜೊತೆಗೆ ಪುಳಿಂದರ ಹೆಸರಿದೆ. ಹೀಗೆ ಇವು ಮೊದಲಲ್ಲಿ ಪ್ರತ್ಯೇಕ ಜನಗಳ ಹೆಸರುಗಳು. ಶಬರಶಬ್ದವಂತೂ ಇಂದಿಗೂ ಬದುಕಿದೆ. ದಕ್ಷಿಣ ಒಡಿಶಾದ ಸವರರು ಮುಂಡಾವರ್ಗಕ್ಕೆ ಸೇರಿದ ತಮ್ಮ ಭಾಷೆಯನ್ನು ಈಗಲೂ ಆಡುತ್ತಾರೆ. ಕಾಲಕ್ರಮದಲ್ಲಿ ಈ ವಿಶೇಷನಾಮಗಳು ಸವೆದು ಸಾಮಾನ್ಯನಾಮಗಳಾದವು. ಅಮರಸಿಂಹನ ಕಾಲಕ್ಕೆ ಕಿರಾತ, ಶಬರ, ಪುಲಿಂದ ಎಂಬವು ಮ್ಲೇಚ್ಛಜಾತಿಯ ಪ್ರಭೇದಗಳಾಗಿ ಶೂದ್ರವರ್ಗದಲ್ಲಿ ಒಂದೇ ಸಾಲಿಗೆ ಸೇರಿಹೋಗಿದ್ದವು. ಕೋಶವನ್ನು ಕಂಠಪಾಠ ಮಾಡಿದ ಬಾಲಕನಿಗೆ ಮೂರು ಜನಗಳು ಮೂರು ಜನಗಳೆಂಬ ಜ್ಞಾನವುಂಟಾಗುವುದಿಲ್ಲ, ಮೂರೂ ಒಂದೇ ಎಂಬ ಸಂಸ್ಕಾರವು ಮಾತ್ರ ಉಳಿಯುತ್ತದೆ. ಇಂದಿನ ಲೇಖನಗಳ ಪರ್ಯಾಯಪ್ರಯೋಗಕ್ಕೆ ಇದಕ್ಕಿಂತ ಹಳೆಯ ಪೂರ್ವಪೀಠಿಕೆಯು ಬೇಕಾಗಿಲ್ಲ.

ನಿಷಾದಶಬ್ದದ ಗತಿಯು ಇನ್ನೂ ವಿಚಿತ್ರ. ಯಾಸ್ಕನು ನಿರುಕ್ತದಲ್ಲಿ ಪಾಪವು ಯಾರಲ್ಲಿ ಕುಳಿತಿದೆಯೋ ಅವನು ನಿಷಾದನೆಂಬ ನೈರುಕ್ತರ ನಿರ್ವಚನವನ್ನು ಕೊಟ್ಟಿದ್ದಾನೆ. ಪುರಾಣಗಳು ವೇನರಾಜನ ತೊಡೆಯನ್ನು ಕಡೆದಾಗ ಹುಟ್ಟಿದ ಕುಳ್ಳನಿಗೆ ಋಷಿಗಳು ‘ಕುಳಿತುಕೋ’ ಎಂದುದರಿಂದ ಆ ಹೆಸರಾಯಿತೆನ್ನುತ್ತವೆ. ಮನುವಿನ ಪ್ರಕಾರ ಅವನು ಸಂಕರಜಾತಿಯವನು. ಧಾತುವು ಒಂದೇ, ಕುಳಿತವರು ಮಾತ್ರ ಬೇರೆ ಬೇರೆ. ಹೆಸರಿನಿಂದ ನಿಂದೆಯು ಹುಟ್ಟಲಿಲ್ಲ. ನಿಂದಿಸಬೇಕೆಂಬ ಮನಸ್ಸು ಮೊದಲೇ ಇದ್ದು ಅದಕ್ಕೆ ವ್ಯುತ್ಪತ್ತಿಯನ್ನು ಆಮೇಲೆ ಹುಡುಕಲಾಯಿತೆಂಬುದಕ್ಕೆ ಇದು ಸ್ಪಷ್ಟವಾದ ನಿದರ್ಶನ. ಇದೇ ನಿರುಕ್ತದಲ್ಲಿ ಪಂಚಜನರೆಂದರೆ ನಾಲ್ಕು ವರ್ಣಗಳೂ ಐದನೆಯವನಾದ ನಿಷಾದನೂ ಎಂಬ ಔಪಮನ್ಯವನ ಮತವೂ ಉಲ್ಲೇಖಿತವಾಗಿದೆ. ಒಂದು ಗ್ರಂಥದ ಒಂದೇ ಪ್ರಕರಣದಲ್ಲಿ ನಿಷಾದನು ಜನಸಮಷ್ಟಿಯ ಐದನೆಯ ಅಂಗವೂ ಹೌದು, ಪಾಪದ ಪೀಠವೂ ಹೌದು.

ಈ ಸಂದರ್ಭದಲ್ಲಿ ಪೂರ್ವಮೀಮಾಂಸೆಯ ನಿಷಾದಸ್ಥಪತಿ ಅಧಿಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ, ಏಕೆಂದರೆ ಹೆಸರಿನಿಂದ ಅಧಿಕಾರವನ್ನು ನಿರ್ಣಯಿಸುವ ಪದ್ಧತಿಗೆ ಇದು ಮೂಲಮಾದರಿಯಾಗಿದೆ. ರುದ್ರದೇವತಾಕವಾದ ಒಂದು ಇಷ್ಟಿಯನ್ನು ನಿಷಾದಸ್ಥಪತಿಯಿಂದ ಮಾಡಿಸಬೇಕೆಂದು ವಿಧಿಯಿದೆ. ನಿಷಾದಸ್ಥಪತಿ ಎಂದರೆ ಯಾರು? ನಿಷಾದರ ಒಡೆಯನೆಂದು ಷಷ್ಠೀತತ್ಪುರುಷವಾಗಿ ಬಿಡಿಸಿದರೆ ಅವನು ನಿಷಾದರನ್ನು ಆಳುವ ತ್ರೈವರ್ಣಿಕನಾಗಬಹುದು. ವೇದಾಧಿಕಾರವುಳ್ಳವನೇ ಸಿಕ್ಕಿದಂತಾಗಿ ಯಾರಿಗೂ ತೊಂದರೆಯಿಲ್ಲ. ನಿಷಾದನೇ ಆದ ಸ್ಥಪತಿಯೆಂದು ಕರ್ಮಧಾರಯವಾಗಿ ಬಿಡಿಸಿದರೆ ವೇದಾಧ್ಯಯನವಿಲ್ಲದವನಿಗೆ ಯಾಗಾಧಿಕಾರವು ಪ್ರಾಪ್ತವಾಗುತ್ತದೆ. ಜೈಮಿನಿಯ ಸಿದ್ಧಾಂತವು ಎರಡನೆಯದು. ತತ್ಪುರುಷದಲ್ಲಿ ನಿಷಾದಶಬ್ದಕ್ಕೆ ‘ನಿಷಾದರ’ ಎಂಬ ಸಂಬಂಧಾರ್ಥವನ್ನು ಲಕ್ಷಣೆಯಿಂದ ತರಬೇಕಾಗುತ್ತದೆ. ಕರ್ಮಧಾರಯದಲ್ಲಿ ಶಬ್ದವು ತನ್ನ ನೇರವಾದ ಅರ್ಥದಲ್ಲಿಯೇ ನಿಲ್ಲುತ್ತದೆ. ಮುಖ್ಯಾರ್ಥವು ಸಲ್ಲುವಾಗ ಲಕ್ಷಣೆಯನ್ನು ಆಶ್ರಯಿಸಕೂಡದು. ಆದುದರಿಂದ ನಿಷಾದನೇ ಯಜಮಾನ, ಆ ಕರ್ಮಕ್ಕೆ ಬೇಕಾದಷ್ಟು ವಿದ್ಯೆಯನ್ನು ಅವನಿಗೆ ಕಲಿಸತಕ್ಕದ್ದು. ಸಮಾಜದ ಅನುಕೂಲಕ್ಕೆ ತಕ್ಕಂತೆ ಸಮಾಸವನ್ನು ಬಿಡಿಸುವ ಅವಕಾಶವು ಎದುರಿಗೇ ಇದ್ದರೂ ಸೂತ್ರಕಾರನು ಶಬ್ದದ ನ್ಯಾಯವನ್ನೇ ಹಿಡಿದನು. ಈ ಸೂತ್ರಗಳಿಗೆ ಭಾಷ್ಯವನ್ನು ಬರೆದವನ ಹೆಸರೇ ಶಬರಸ್ವಾಮಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಪುನಃ ಕನ್ನಡಕ್ಕೆ ಬರೋಣವಾಗಲಿ. ಕನ್ನಡನಾಡಿನಲ್ಲಿ ಶಬರರೆಂಬ ಜನವಿರಲಿಲ್ಲ, ಕಿರಾತರೂ ಇರಲಿಲ್ಲ. ಇಲ್ಲಿ ಇದ್ದವರು ಬೇಡರು, ಕುರುಬರು, ಸೋಲಿಗರು. ಆದರೂ ಚಂಪೂಕವಿಗಳ ಮೃಗಯಾವರ್ಣನೆಗಳಲ್ಲಿ ಶಬರಪುಳಿಂದರು ಧಾರಾಳವಾಗಿ ಓಡಾಡುತ್ತಾರೆ. ಹದಿನೇಳನೆಯ ಶತಮಾನದ ಷಡಕ್ಷರದೇವನು ಕಿರಾತಾರ್ಜುನಪ್ರಸಂಗವನ್ನು ಕನ್ನಡಕ್ಕೆ ತಂದಾಗಲೂ ಕಾವ್ಯದ ಹೆಸರು ಶಬರಶಂಕರವಿಳಾಸವೇ ಆಯಿತು. ಕೋಶದಿಂದ ಕಾಡನ್ನು ತಂದವರಿಗೆ ಊರಾಚೆಯ ಕಾಡು ಕಾಣದಿರುವುದು ಸಹಜ. ಇದಕ್ಕೆ ಎದುರಾಗಿ ಹರಿಹರನು ಬೇಡನಾದ ಕಣ್ಣಪ್ಪನಿಗೆ ಒಂದು ರಗಳೆಯನ್ನೇ ಮೀಸಲಿಟ್ಟನು. ಜನರ ಬಾಯಲ್ಲಿ ಉಳಿದ ಹೆಸರೂ ಬೇಡರ ಕಣ್ಣಪ್ಪನೆಂದೇ, 1954ರಲ್ಲಿ ಚಲನಚಿತ್ರವಾದಾಗಲೂ ಅದೇ ಹೆಸರು ನಿಂತಿತು.

ಬೇಡ ಎಂಬ ಶಬ್ದವು ಸಂಸ್ಕೃತದ ವ್ಯಾಧಶಬ್ದದ ತದ್ಭವವೆಂದು ಹೇಳುವವರಿದ್ದಾರೆ. ಈ ವ್ಯುತ್ಪತ್ತಿಯು ನಿಲ್ಲುವುದಿಲ್ಲ. ತಮಿಳಿನ ವೇಡನ್, ವೇಟ್ಟೈ, ತೆಲುಗಿನ ವೇಟ, ಹಳಗನ್ನಡದ ಬೇಂಟೆ ಇವು ಒಂದೇ ಧಾತುವಿನ ಸಂತಾನ; ತಮಿಳು ತೆಲುಗುಗಳ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರವು ಬರುವುದು ನಿಯತವಾದ ವಿಧಿ. ಆದುದರಿಂದ ಬೇಡನೆಂದರೆ ಬೇಟೆಯವನು. ಯಾಚನಾರ್ಥಕವಾದ ಬೇಡು ಧಾತುವಿಗೆ ತಮಿಳಿನ ವೇಂಡು ಎಂಬುದು ಜೊತೆಯಾದುದು, ಅದು ಬೇರೆಯ ಮನೆತನ. ಬೇಡ ಎಂದರೆ ಭಿಕ್ಷೆ ಬೇಡುವವನೆಂದು ಶ್ಲೇಷೆ ಮಾಡುವ ಹಾಸ್ಯಗಾರರು ಇದನ್ನು ಗಮನಿಸಿದರೆ ಒಳ್ಳೆಯದು.

ಶಬ್ದದ ಅರ್ಥವು ಬೇಟೆಯಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲಲಿಲ್ಲ. ವೀರಗಲ್ಲುಗಳಲ್ಲಿ ಬೇಡರು ತುರುಗಳನ್ನು ಕೊಂಡೊಯ್ಯುವವರಾಗಿ ಬರುತ್ತಾರೆ. ವಿಜಯನಗರದ ಕಾಲದಿಂದೀಚೆಗೆ ಅವರೇ ಚಿತ್ರದುರ್ಗ, ಸುರಪುರಗಳ ಪಾಳೆಯಗಾರರಾಗಿ ನಾಯಕರೆಂಬ ಬಿರುದನ್ನು ಧರಿಸುತ್ತಾರೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಎದುರಿಸಿ ನಿಂತ ಹಲಗಲಿಯ ಜನರೂ ಬೇಡರೇ. ನಾಯಕಶಬ್ದವು ನಯತಿಧಾತುವಿನಿಂದಾದುದು, ಮುಂದಾಳೆಂದು ಅದರ ಅರ್ಥ. ಹೀಗೆ ಒಂದೇ ಜನವು ಬೇಟೆಗಾರನೆಂಬ ಹೆಸರಿನಿಂದ ಒಡೆಯನೆಂಬ ಹೆಸರಿಗೆ ಬಂದು, ಕಳೆದ ಶತಮಾನದಲ್ಲಿ ವಾಲ್ಮೀಕಿಯೆಂಬ ಹೆಸರನ್ನೂ ಸ್ವೀಕರಿಸಿತು. ಆದಿಕವಿಯ ಮೊದಲನೆಯ ಶ್ಲೋಕವು ಕ್ರೌಂಚವನ್ನು ಹೊಡೆದ ನಿಷಾದನನ್ನು ಸಂಬೋಧಿಸಿ ಶಪಿಸುತ್ತದೆ. ಆ ಕವಿಯೇ ಮೊದಲು ಬೇಡನಾಗಿದ್ದನೆಂಬ ಕಥೆಯು ಮೂಲರಾಮಾಯಣದಲ್ಲಿಲ್ಲ, ತರುವಾಯದ್ದು. ಆದರೂ ಶಾಪವನ್ನು ಪಡೆದವನ ವಂಶವು ಶಾಪವನ್ನು ಕೊಟ್ಟವನನ್ನೇ ತನ್ನ ಮೂಲಪುರುಷನನ್ನಾಗಿ ಮಾಡಿಕೊಂಡ ಈ ನಡೆಯು ಎಷ್ಟೋ ಪುರಾಣಗಳಿಗಿಂತ ಅರ್ಥವತ್ತಾಗಿದೆ.

ಇಷ್ಟು ಹೆಸರುಗಳಲ್ಲಿ ಯಾವುದು ಪಟ್ಟಿಯಲ್ಲಿದೆ? 1950ರ ಆಜ್ಞೆಯ ಪಟ್ಟಿಯಲ್ಲಿ ಇದ್ದುದು ನಾಯಕಡ, ನಾಯಕ ಮುಂತಾದವು. ಬೇಡನೆಂದು ಬರೆಯಿಸಿಕೊಂಡವನಿಗೆ ಅದು ಸಲ್ಲಲಿಲ್ಲ. 1991ರ ತಿದ್ದುಪಡಿಯಿಂದ ನಾಯಕ್, ಬೇಡ, ಬೇಡರ್, ವಾಲ್ಮೀಕಿ ಎಂಬವು ಪರ್ಯಾಯಗಳಾಗಿ ಸೇರಿದವು. 2020ರಲ್ಲಿ ಪರಿವಾರ, ತಳವಾರ ಎಂಬವು ಸೇರಿದವು. ಪ್ರದೇಶನಿರ್ಬಂಧದ ಕಥೆಯೂ ಇದರ ಜೊತೆಗಿದೆ. ರಾಜ್ಯದ ಇಂತಹ ಜಿಲ್ಲೆಯಲ್ಲಿದ್ದರೆ ಮಾತ್ರ ಇಂತಹ ಹೆಸರು ಸಲ್ಲತಕ್ಕದ್ದೆಂಬ ನಿರ್ಬಂಧಗಳಲ್ಲಿ ಹೆಚ್ಚಿನವನ್ನು 1976ರ ಕಾಯಿದೆಯು ತೆಗೆದುಹಾಕಿತು. ಪರಿಣಾಮವಾಗಿ 1971ರ ಗಣತಿಯಲ್ಲಿ ಸುಮಾರು 2,31,000 ಇದ್ದ ಈ ವರ್ಗದ ಸಂಖ್ಯೆಯು 1981ರಲ್ಲಿ ಸುಮಾರು 18,25,000 ಆಯಿತು. ಹತ್ತು ವರ್ಷಗಳಲ್ಲಿ ಇಷ್ಟು ಮಕ್ಕಳು ಹುಟ್ಟಿದರೆಂದು ಯಾರೂ ಹೇಳಲಾರರು. ಹುಟ್ಟಿದುದು ಹೆಸರು. 2011ರ ಗಣತಿಯಲ್ಲಿ ಇವರು 42,48,987 ಮಂದಿ, ರಾಜ್ಯದ ಜನಸಂಖ್ಯೆಯ ಶೇಕಡಾ 6.95. ಇವರಿಗೆ ಮೀಸಲಾದ ಪಾಲು 2022ರಲ್ಲಿ ಶೇಕಡಾ 3ರಿಂದ 7ಕ್ಕೆ ಏರಿತು. ಆ ಏರಿಕೆಯು ನ್ಯಾಯವಾದುದೇ. ಆದರೆ ಕೋಟೆಯನ್ನು ಆಳಿದ ವಂಶದವನೂ ಜೇನುಕೊಯ್ಯುವವನೂ ಒಂದೇ ಹೆಸರಿನ ಕೆಳಗೆ ನಿಂತಾಗ ಆ ಪಾಲಿನಲ್ಲಿ ಜೇನುಕುರುಬನ ಕೈಗೆ ಎಷ್ಟು ಬರುತ್ತದೆಂಬ ಪ್ರಶ್ನೆಯನ್ನು ‘ಬುಡಕಟ್ಟು’ ಎಂಬ ಒಂದೇ ಶಬ್ದವು ಮುಚ್ಚಿಬಿಡುತ್ತದೆ.

ಕುರುಬಶಬ್ದದ ತೊಡಕು ಬೇರೆ ಬಗೆಯದು. ಇದನ್ನು ಕುಱಿಶಬ್ದದಿಂದ ಸಾಧಿಸುವುದು ರೂಢಿ. ಊರುಗಳಲ್ಲಿ ಕುರಿಸಾಕುವ ಕುರುಬರಿಗೆ ಇದು ಒಪ್ಪುತ್ತದೆ. ಆದರೆ ಜೇನುಕುರುಬ, ಕಾಡುಕುರುಬರು ಕುರಿಯನ್ನು ಸಾಕಿದವರಲ್ಲ, ಅವರ ಕಾಡಿನಲ್ಲಿ ಕುರಿಗೆ ಸ್ಥಳವೇ ಇಲ್ಲ. ತಮಿಳಿನ ಕುಱುಂಬರ್ ಎಂಬ ಹೆಸರೂ ಕುರಿಗಾಹಿಗೂ ಬೆಟ್ಟದ ಜನಕ್ಕೂ ಸಮಾನವಾಗಿ ಸಲ್ಲುತ್ತದೆ. ಎರಡು ಬೇರೆ ಬೇರೆ ಶಬ್ದಗಳು ಒಂದೇ ರೂಪಕ್ಕೆ ಬಂದಿರುವ ಸಂಭವವುಂಟು. ಇತ್ತ ಪಟ್ಟಿಯಲ್ಲಿ ಕಾಡುಕುರುಬ, ಜೇನುಕುರುಬ ಎಂಬವು ಪ್ರತ್ಯೇಕವಾಗಿದ್ದು, ಕುರುಬ ಎಂಬ ಬರಿಯ ಹೆಸರು ಕೊಡಗು ಜಿಲ್ಲೆಗೆ ಮಾತ್ರ ಸಲ್ಲುವಂತೆ ಇದೆ. 2021ರಲ್ಲಿ ಕುರುಬ ಸಮಾಜವು ಕಾಗಿನೆಲೆಯಿಂದ ಬೆಂಗಳೂರಿಗೆ ಪಾದಯಾತ್ರೆಯನ್ನು ನಡೆಸಿ ಮುಂದಿಟ್ಟ ಬೇಡಿಕೆಯು ಈ ಹೆಸರಿನ ಏಕತೆಯನ್ನೂ ಒಂದು ಆಧಾರವಾಗಿ ಹಿಡಿದಿತ್ತು. ಬೇಡಿಕೆಯ ಯುಕ್ತಾಯುಕ್ತತೆಯನ್ನು ನಿರ್ಣಯಿಸತಕ್ಕವರು ಬೇರೆ ಇದ್ದಾರೆ. ಶಬ್ದಶಾಸ್ತ್ರದ ಪಾಲಿಗೆ ಹೇಳಬಹುದಾದುದು ಇಷ್ಟೇ, ನಾಮಸಾಮ್ಯವು ಕುಲಸಾಮ್ಯಕ್ಕೆ ಸಾಧಕವೂ ಅಲ್ಲ, ಬಾಧಕವೂ ಅಲ್ಲ.

ಇಂತಹ ನಾಮವಿವಾದಗಳಲ್ಲಿ ನ್ಯಾಯಸ್ಥಾನವು ನಿಷಾದಸ್ಥಪತಿ ಅಧಿಕರಣದ ದಾರಿಯನ್ನೇ ತುಳಿಯಬೇಕಾಗಿ ಬಂದುದಕ್ಕೆ ಬೆಂಗಳೂರಿನದೇ ಉದಾಹರಣೆಯುಂಟು. ಬೆಂಗಳೂರು ದಕ್ಷಿಣ ಕ್ಷೇತ್ರದ ಚುನಾವಣೆಗೆ ಸಂಬಂಧಿಸಿದ ಬಸವಲಿಂಗಪ್ಪ–ಮುನಿಚಿನ್ನಪ್ಪ ವ್ಯವಹಾರದಲ್ಲಿ, ಪಟ್ಟಿಯಲ್ಲಿರುವ ಭೋವಿ ಎಂಬ ಹೆಸರು ವೊಡ್ಡರಿಗೆ ಸಲ್ಲುತ್ತದೆಯೆ ಎಂಬ ಪ್ರಶ್ನೆಯೆದ್ದಿತು. ಇದು ಪರಿಶಿಷ್ಟ ಜಾತಿಯ ವಿಷಯವಾದರೂ ನ್ಯಾಯವು ಸಮಾನ. 1964ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಳೆಯ ಮೈಸೂರಿನಲ್ಲಿ ಭೋವಿ ಎಂಬ ಬೇರೆ ಜಾತಿಯೇ ಇರಲಿಲ್ಲವೆಂಬುದನ್ನೂ, ವೊಡ್ಡರೇ ತಮ್ಮ ಸಮ್ಮೇಳನದಲ್ಲಿ ಹೆಸರನ್ನು ಬದಲಿಸಿಕೊಂಡು 1946ರಲ್ಲಿ ಸರ್ಕಾರವು ಅದನ್ನು ಅಂಗೀಕರಿಸಿತೆಂಬುದನ್ನೂ ಕಂಡು, ಶಬ್ದವು ನಿರರ್ಥಕವಾಗಬಾರದೆಂದು ವೊಡ್ಡರಿಗೆ ಅನ್ವಯಿಸಿತು. ಆದರೆ 2000ರ ನವೆಂಬರಿನಲ್ಲಿ ಮಿಲಿಂದ್ ವ್ಯವಹಾರದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಪಟ್ಟಿಯನ್ನು ಇದ್ದಂತೆಯೇ ಓದತಕ್ಕದ್ದು, ಪರ್ಯಾಯವೋ ಉಪಪಂಗಡವೋ ಎಂದು ಸಾಕ್ಷ್ಯವನ್ನು ತೆಗೆದುಕೊಂಡು ಹಿಗ್ಗಿಸತಕ್ಕದ್ದಲ್ಲವೆಂದು ಕಟ್ಟುಮಾಡಿತು. ಲಕ್ಷಣೆಗೆ ಅವಕಾಶವಿಲ್ಲ, ಮುಖ್ಯಾರ್ಥವೇ ಪ್ರಮಾಣ. ಪಟ್ಟಿಯನ್ನು ಬರೆದವರು ಜೈಮಿನಿಯಷ್ಟು ಎಚ್ಚರದಿಂದ ಬರೆದಿದ್ದರೆ ಈ ನಿಯಮದಿಂದ ಯಾರಿಗೂ ಕಷ್ಟವಿರುತ್ತಿರಲಿಲ್ಲ.

ಇನ್ನು ಬುಡಕಟ್ಟು. ಇಂಗ್ಲಿಷಿನ ಟ್ರೈಬ್ ಎಂಬುದಕ್ಕೆ ಇದನ್ನು ಪ್ರತಿಯಾಗಿ ನಿಲ್ಲಿಸಲಾಗಿದೆ. ಆ ಟ್ರೈಬ್ ಎಂಬುದಾದರೂ ರೋಮನಗರದ ಪೌರರನ್ನು ಮತದಾನಕ್ಕೂ ಕಂದಾಯಕ್ಕೂ ಹಂಚಿದ ವಿಭಾಗಗಳ ಹೆಸರು. ಕಾಡಿಗೂ ಅದಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಮೈಸೂರಿನಲ್ಲಿ ಜಾತಿಗಳ ಶಾಸ್ತ್ರೀಯ ಪರಿಶೀಲನೆಯನ್ನು ಆರಂಭಿಸಿದ ಎಚ್. ವಿ. ನಂಜುಂಡಯ್ಯನವರು 1915ರಲ್ಲಿ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರೂ ಆಗಿದ್ದರು. ಅವರ ತರುವಾಯ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು 1928ರಿಂದ 1935ರ ವರೆಗೆ ನಾಲ್ಕು ಸಂಪುಟಗಳಲ್ಲಿ ಆ ಕಾರ್ಯವನ್ನು ಮುಗಿಸಿದರು. ಆ ಸಂಪುಟಗಳ ಹೆಸರಿನಲ್ಲಿ ಟ್ರೈಬ್, ಕ್ಯಾಸ್ಟ್ ಎರಡೂ ಇವೆ. ಒಳಗೆ ಅಕ್ಷರಾನುಕ್ರಮವು ಎಲ್ಲರನ್ನೂ ಅಕ್ಕಪಕ್ಕದಲ್ಲಿ ಕೂಡಿಸಿದೆ. ಪರಿಷತ್ತಿನ ಮೊದಲ ಅಧ್ಯಕ್ಷರೇ ಕೈಯಿಟ್ಟ ಈ ವಿಷಯದಲ್ಲಿ ಕನ್ನಡದ ಪರಿಭಾಷೆಯು ಶತಮಾನವಾದರೂ ಸ್ಥಿರವಾಗದಿರುವುದು ಸೋಜಿಗವೇ ಸರಿ. ಬುಡವೆಂದರೆ ಮರದ ಮೂಲ, ಕಟ್ಟೆಂದರೆ ಬಂಧ, ಕಟ್ಟಳೆಯೂ ಹೌದು. ಚಿತ್ರದುರ್ಗದ ಕಡೆಯ ಮ್ಯಾಸಬೇಡರಲ್ಲಿಯೂ ಕಾಡುಗೊಲ್ಲರಲ್ಲಿಯೂ ಕಟ್ಟೆಮನೆ, ಗುಡಿಕಟ್ಟು, ಬೆಡಗು ಎಂಬ ಶಬ್ದಗಳು ಕುಲದ ವ್ಯವಸ್ಥೆಯನ್ನು ಹೇಳುತ್ತವೆ. ಬುಡಕಟ್ಟು ಆ ಕುಟುಂಬಕ್ಕೆ ಸೇರಿದ ಮಾತು. ಎಂಟು ಶಬ್ದಗಳಲ್ಲಿ ಅಚ್ಚಗನ್ನಡವಾದುದೂ, ಒಳಗಿನಿಂದ ಬಂದುದೂ, ನಿಂದೆಯ ಸೋಂಕಿಲ್ಲದುದೂ ಇದೊಂದೇ. ಜನರ ಸಮಾಜರಚನೆಯನ್ನು ಹೇಳುವಾಗ ಇದಕ್ಕಿಂತ ಮೇಲಾದ ಶಬ್ದವಿಲ್ಲ.

ಸರ್ಕಾರದ ಕನ್ನಡವು ಮಾತ್ರ ಒಂದೇ ವಸ್ತುವಿಗೆ ಮೂರು ಹೆಸರಿಟ್ಟಿದೆ: ಕಾಯಿದೆಗಳ ಅನುವಾದದಲ್ಲಿ ಅನುಸೂಚಿತ ಬುಡಕಟ್ಟು, ಇಲಾಖೆಯ ಫಲಕದಲ್ಲಿ ಪರಿಶಿಷ್ಟ ವರ್ಗ, ಪತ್ರಿಕೆಗಳಲ್ಲಿ ಪರಿಶಿಷ್ಟ ಪಂಗಡ. ಇವುಗಳಲ್ಲಿ ಪರಿಶಿಷ್ಟಶಬ್ದವು ಚಿಂತ್ಯ. ಶಾಸಧಾತುವಿನಿಂದಾದ ಶಿಷ್ಟಶಬ್ದಕ್ಕೆ ಶಿಕ್ಷಣವನ್ನು ಪಡೆದವನೆಂದರ್ಥ. ಶಿಷಧಾತುವಿನಿಂದಾದ ಶಿಷ್ಟಶಬ್ದಕ್ಕೆ ಉಳಿದುದೆಂದರ್ಥ. ಪರಿಶಿಷ್ಟದಲ್ಲಿರುವುದು ಎರಡನೆಯದು. ಗೃಹ್ಯಪರಿಶಿಷ್ಟವೆಂದರೆ ಗೃಹ್ಯಸೂತ್ರದಲ್ಲಿ ಹೇಳದೆ ಉಳಿದುದನ್ನು ಕೊನೆಗೆ ಸೇರಿಸಿದ ಭಾಗ. ಸಂವಿಧಾನದ ಪುಸ್ತಕಕ್ಕೆ ಪರಿಶಿಷ್ಟವಿರಬಹುದು, ಜನರಿಗೆ ಆ ವಿಶೇಷಣವು ಅಂಟಿದಾಗ ಉಳಿದವರು, ಮಿಕ್ಕವರು ಎಂಬ ಅರ್ಥವು ಹೊರಡುತ್ತದೆ. ಅನುಸೂಚಿತವೆಂಬುದಕ್ಕೆ ಪಟ್ಟಿಯಲ್ಲಿ ಸೂಚಿತವಾದುದೆಂಬ ನೇರವಾದ ಅರ್ಥವಿದೆ. ರೂಢಿಯು ಯೋಗವನ್ನು ನುಂಗುತ್ತದೆಂಬುದು ನಿಜ, ಪಂಕಜವೆಂದರೆ ಯಾರೂ ಕೆಸರನ್ನು ನೆನೆಯುವುದಿಲ್ಲ. ಆದರೂ ನಿರ್ದುಷ್ಟವಾದ ಶಬ್ದವು ಕೈಯಲ್ಲಿಯೇ ಇರುವಾಗ ದುಷ್ಟವಾದುದನ್ನು ಫಲಕದ ಮೇಲೆ ಬರೆಯಿಸುವ ಅವಶ್ಯಕತೆಯೇನು?

ಗಿರಿಜನಶಬ್ದದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿಗಳೆರಡೂ ಇವೆ. ಕೊರಗರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ತಗ್ಗುನೆಲದ ಜನ, ಗಿರಿಯು ಅವರಿಗೆ ಕಣ್ಣಿಗೆ ಮಾತ್ರ ಕಾಣುತ್ತದೆ. ಬೆಟ್ಟದ ಮೇಲೆ ಕಾಫಿಯ ತೋಟವನ್ನಿಟ್ಟವನೋ ಗಿರಿಯಲ್ಲಿದ್ದರೂ ಗಿರಿಜನನಲ್ಲ. ವನವಾಸಿಯೆಂಬ ಶಬ್ದಕ್ಕೆ ಇನ್ನೊಂದು ದೋಷವುಂಟು. ಕನ್ನಡಿಗನ ಕಿವಿಗೆ ವನವಾಸವೆಂದರೆ ರಾಮನದು, ಪಾಂಡವರದು. ಮನೆಯನ್ನು ಕಳೆದುಕೊಂಡವನು ಅವಧಿ ಮುಗಿಯುವವರೆಗೆ ಪಡುವ ಕಷ್ಟ. ಕಾಡೇ ಮನೆಯಾದವನಿಗೆ ಈ ಹೆಸರು ಒಪ್ಪದು. ಕಾಡಿನಿಂದ ಹೊರಹಾಕಲ್ಪಟ್ಟು ರಸ್ತೆಯ ಬದಿಯಲ್ಲಿ ಗುಡಿಸಲು ಕಟ್ಟಿದ ಜೇನುಕುರುಬನ ಬಾಳೇ ನಿಜವಾದ ವನವಾಸ. ಕಾಡುಜನರೆಂಬ ಮಾತು ಬೈಗುಳಾಗಿ ಕೆಟ್ಟಿರುವುದೂ ಶಬ್ದದ ತಪ್ಪಲ್ಲ. ಮಲ್ಲೇಶ್ವರದ ದೇವರನ್ನು ಕಾಡುಮಲ್ಲೇಶ್ವರನೆಂದು ಕರೆಯುವಾಗ ಭಕ್ತರಾರೂ ಸಂಕೋಚಪಡುವುದಿಲ್ಲ.

ಆದಿವಾಸಿಯೆಂಬುದು ಈಚಿನ ಸಂಸ್ಕೃತಶಬ್ದ, ಕೋಶಗಳ ಶಬ್ದವಲ್ಲ. 1938ರಲ್ಲಿ ಛೋಟಾನಾಗಪುರದಲ್ಲಿ ಆದಿವಾಸಿ ಮಹಾಸಭೆಯು ಸ್ಥಾಪಿತವಾಯಿತು. ಅದರ ನಾಯಕರಾದ ಜೈಪಾಲ ಸಿಂಗ್ ಅವರು 1948ರ ಡಿಸೆಂಬರ್ 2ರಂದು ಸಂವಿಧಾನಸಭೆಯಲ್ಲಿ, ಭಾಷಾಂತರಗಳಲ್ಲಿ ಬನಜಾತಿ ಎಂಬ ಶಬ್ದವನ್ನು ಬಳಸಿರುವುದನ್ನು ಆಕ್ಷೇಪಿಸಿ ಆದಿವಾಸಿ ಎಂಬುದೇ ಗೌರವದ ಹೆಸರೆಂದು ವಾದಿಸಿದರು. ಅಂಬೇಡ್ಕರರ ಉತ್ತರವು ಆ ಶಬ್ದವು ಸಾಮಾನ್ಯವಾದುದು, ನಿಶ್ಚಿತವಾದ ಕಾನೂನಿನ ವ್ಯಾಪ್ತಿಯು ಅದಕ್ಕಿಲ್ಲ ಎಂಬುದಾಗಿತ್ತು. ಇಬ್ಬರೂ ಸರಿ. ಒಬ್ಬರು ಶಬ್ದದ ವ್ಯಂಗ್ಯಾರ್ಥವನ್ನು, ಇನ್ನೊಬ್ಬರು ವಾಚ್ಯಾರ್ಥವನ್ನು ಹಿಡಿದರು. ಆದಿಶಬ್ದವು ಸಾಪೇಕ್ಷವಾದುದು, ಯಾವುದಕ್ಕೆ ಆದಿ ಎಂಬ ಆಕಾಂಕ್ಷೆಯು ಉಳಿಯುತ್ತದೆ. ಕರ್ನಾಟಕದ ಪಟ್ಟಿಯಲ್ಲಿ ಹಕ್ಕಿಪಿಕ್ಕಿಯವರಿದ್ದಾರೆ, ಅವರ ಮನೆಮಾತು ಗುಜರಾತಿಯ ಕಡೆಯದು. 2003ರಿಂದ ಉತ್ತರ ಕನ್ನಡದ ಸಿದ್ದಿಯರಿದ್ದಾರೆ, ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಇವರು ಅನುಸೂಚಿತ ಬುಡಕಟ್ಟಿನವರು ಹೌದು, ಆದಿವಾಸಿಗಳೆನ್ನುವುದು ಕಷ್ಟ. 2007ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯು ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತವು ಅನುಕೂಲವಾಗಿ ಮತವಿತ್ತಿತು, ಭಾರತೀಯರೆಲ್ಲರೂ ಮೂಲನಿವಾಸಿಗಳೆಂಬ ನಿಲುವನ್ನೂ ಹಿಡಿಯಿತು. ಎಲ್ಲರಿಗೂ ಸಲ್ಲುವ ಲಕ್ಷಣವು ಯಾರಿಗೂ ಲಕ್ಷಣವಲ್ಲ.

ಆದಿಶಬ್ದವು ಗೌರವವನ್ನು ತಂದು ಗುರುತನ್ನು ಅಳಿಸಿದ ನಿದರ್ಶನವು ಕನ್ನಡನಾಡಿನಲ್ಲಿಯೇ ಇದೆ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಹೊಲೆಯ, ಮಾದಿಗ ಎಂಬ ಹೆಸರುಗಳನ್ನು ಬಿಟ್ಟು ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬವನ್ನು ಧರಿಸಿದಾಗ ಅದರಲ್ಲಿದ್ದ ಧೈರ್ಯವು ಅಲ್ಪವಲ್ಲ. ಕರ್ನಾಟಕಕ್ಕೆ ಆದಿಯು ತಾವೇ ಎಂದು ಹೇಳಿದಂತಾಯಿತು. ಆದರೆ ಕೆಲವು ಕಡೆಗಳಲ್ಲಿ ಬಲಗೈಯವರೂ ಕೆಲವು ಕಡೆಗಳಲ್ಲಿ ಎಡಗೈಯವರೂ ಇದೇ ಹೆಸರುಗಳನ್ನು ಬರೆಯಿಸಿದುದರಿಂದ, ಒಳಮೀಸಲಾತಿಯನ್ನು ಹಂಚುವ ಕಾಲವು ಬಂದಾಗ ಯಾರು ಯಾರೆಂಬುದೇ ತಿಳಿಯದಾಯಿತು. ನಾಗಮೋಹನದಾಸ್ ಆಯೋಗವು 2025ರಲ್ಲಿ ಹೊಸ ಸಮೀಕ್ಷೆಯನ್ನು ನಡೆಸಿ ಮೂಲಜಾತಿಯನ್ನು ಕೇಳಬೇಕಾಯಿತು. ಮರೆಯಬೇಕೆಂದು ಬಿಟ್ಟ ಹೆಸರನ್ನು ಮನೆಬಾಗಿಲಲ್ಲಿ ನಿಂತು ಮತ್ತೆ ಕೇಳಿಸಿಕೊಂಡವರ ಮನಸ್ಸಿನ ನೋವು ಯಾವ ಕೋಷ್ಟಕದಲ್ಲಿಯೂ ದಾಖಲಾಗುವುದಿಲ್ಲ.

ಹೆಸರಿನ ಬೆಲೆಯು ಅತ್ಯಂತ ಸ್ಪಷ್ಟವಾಗಿ ಕಾಣುವುದು 2006ರ ಅರಣ್ಯಹಕ್ಕು ಕಾಯಿದೆಯಲ್ಲಿ. ಅನುಸೂಚಿತ ಬುಡಕಟ್ಟಿನವನು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ನೆಲದಲ್ಲಿದ್ದನೆಂದು ತೋರಿಸಿದರೆ ಸಾಕು. ‘ಇತರ ಪಾರಂಪರಿಕ ಅರಣ್ಯವಾಸಿ’ ಎಂದಾದರೆ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ಸಾಧಿಸಬೇಕು. ಎರಡೂ ಇಲ್ಲದಿದ್ದರೆ ಅದೇ ಮನುಷ್ಯನ ಹೆಸರು ‘ಅತಿಕ್ರಮಣಕಾರ’. ಒಂದೇ ಗುಡಿಸಲು, ಒಂದೇ ರಾಗಿಯ ಹೊಲ, ಮೂರು ಶಬ್ದಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿಸಂರಕ್ಷಿತ ಪ್ರದೇಶದೊಳಗೆ ಸಮುದಾಯದ ಹಕ್ಕನ್ನು ಪಡೆದವರಲ್ಲಿ ಮೊದಲಿಗರಾದರು. ಅವರು ತಮ್ಮ ನೆಲೆಗಳನ್ನು ಪೋಡು ಎನ್ನುತ್ತಾರೆ, ಜೇನುಕುರುಬರು ಹಾಡಿ ಎನ್ನುತ್ತಾರೆ. ವರದಿಗಳಲ್ಲಿ ಎರಡೂ ‘ಕಾಲೊನಿ’ಯಾಗಿ, ಅಲ್ಲಿಯವರನ್ನು ‘ಮುಖ್ಯವಾಹಿನಿಗೆ ತರುವ’ ಸಂಕಲ್ಪವು ಕಾಣಿಸಿಕೊಳ್ಳುತ್ತದೆ. ಸುವರ್ಣಾವತಿಯೂ ಕಪಿಲೆಯೂ ಅವರ ಕಾಡುಗಳನ್ನು ಹಾದು ಊರಿನ ಕಡೆಗೆ ಹರಿದುಬರುತ್ತಿರುವಾಗ ಮುಖ್ಯವಾಹಿನಿಯು ಬೇರೆಲ್ಲಿದೆಯೆಂಬುದನ್ನು ಬರೆದವರೇ ಹೇಳಬೇಕು.

ಆದುದರಿಂದ ಕನ್ನಡ ಬರೆಹದಲ್ಲಿ ಮೊದಲು ಜನದ ಸ್ವಂತ ಹೆಸರು ಬರತಕ್ಕದ್ದು, ಅದಿರುವಾಗ ಸಾಮಾನ್ಯನಾಮವು ಅನವಶ್ಯಕ. ಕುಲರಚನೆಯನ್ನು ಹೇಳುವಾಗ ಬುಡಕಟ್ಟು, ಕಾನೂನನ್ನು ಹೇಳುವಾಗ ಅನುಸೂಚಿತ ಬುಡಕಟ್ಟು, ಅವರು ತಾವೇ ಒಟ್ಟುಗೂಡಿ ನೆಲದ ಮೇಲಿನ ತಮ್ಮ ಹಕ್ಕನ್ನು ಹೇಳಿಕೊಳ್ಳುವಾಗ ಆದಿವಾಸಿ ಎಂಬುದು ಸಾಧು. ಗಿರಿಜನ, ವನವಾಸಿಗಳನ್ನು ಸಂಸ್ಥೆಗಳ ಹೆಸರಿನಲ್ಲಿರುವಷ್ಟಕ್ಕೆ ಬಿಡಬಹುದು. ಸ್ವಂತ ಹೆಸರಿನಲ್ಲಿಯೂ ಅವರು ಹೇಳುವ ರೂಪವೇ ಪ್ರಮಾಣ. ಕಾಡುಕುರುಬರೆಂದು ಪಟ್ಟಿಯಲ್ಲಿದ್ದವರು ತಮ್ಮನ್ನು ಬೆಟ್ಟಕುರುಬರೆಂದೇ ಹೇಳಿಕೊಳ್ಳುತ್ತಿದ್ದರು. ಪ್ರಮಾಣಪತ್ರವನ್ನು ಕೇಳಲು ಹೋದಾಗ ಆ ಹೆಸರು ಪಟ್ಟಿಯಲ್ಲಿಲ್ಲವೆಂಬುದೇ ಉತ್ತರ. 2022ರಲ್ಲಿ ಮಂಡಿತವಾದ ತಿದ್ದುಪಡಿಯ ಮಸೂದೆಯು ಸಂಸತ್ತಿನಲ್ಲಿ ಅಂಗೀಕೃತವಾದ ಮೇಲೆ ಕಾಡುಕುರುಬ ಎಂಬುದರ ಪಕ್ಕದಲ್ಲಿ ಬೆಟ್ಟಕುರುಬ ಎಂಬ ಹೆಸರೂ ಸೇರಿತು. 1950ರ ಆಜ್ಞೆಯಿಂದ ಅಲ್ಲಿಯವರೆಗೆ ಕಳೆದುದು ಎಪ್ಪತ್ತೆರಡು ವರ್ಷ.